ಮಡಿಕೆ ಇಲ್ಲದ ಪತ್ರ

ನವೆಂಬರ್ ಹದಿನೇಳು, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತು. ಸಕಲೇಶಪುರ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಣ್ಣುಮಗಳ ಕೈಯಲ್ಲಿ ದೂರಿನ ಅರ್ಜಿ ಆಗಲೇ ಟೈಪ್ ಆಗಿತ್ತು. ಹೆಡ್ ಕಾನ್‌ಸ್ಟೆಬಲ್ ಜವರಯ್ಯನಿಗೆ ಅದೇ ಮೊದಲ ಆಶ್ಚರ್ಯ. ದೂರು ಕೊಡಲು ಬಂದವರು ಮೊದಲು ಅಳುತ್ತಾರೆ, ಇಲ್ಲವೇ ಯಾರನ್ನಾದರೂ ಬೈಯುತ್ತಾರೆ, ಆಮೇಲೆ ಅರ್ಜಿ ಬರೆಯುವ ಕೆಲಸ ಅವನ ತಲೆಗೇ ಬರುತ್ತದೆ. ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ನಡೆದುಬಂದದ್ದು ಹಾಗೆ. ಈಕೆ ಮೂರು ಪ್ರತಿ ತಂದಿದ್ದಳು, ಮೂರಕ್ಕೂ ಪಿನ್ ಹೊಡೆದಿದ್ದಳು.

ಹೆಸರು ಮೇಘಾ. ಆರೋಗ್ಯ ವಿಮಾ ಕಂಪನಿಯೊಂದರ ಹಾಸನ ಕಚೇರಿಯಲ್ಲಿ ಪರಿಶೀಲನಾ ಅಧಿಕಾರಿ. ಪಿಎಸ್‌ಐ ನಯನಾ ಅರ್ಜಿಯ ಮೇಲೆ ಕಣ್ಣಾಡಿಸಿ ಕೇಳಿದರು:

"ಯಾರ ಮೇಲೆ ದೂರು?"

"ಶ್ರೀನಾಥ್ ಅಂತ. ಇದೇ ಊರಿನವರು. ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ ಅಕೌಂಟೆಂಟ್."

"ಏನು ಮಾಡಿದ್ದಾರೆ?"

"ಕ್ಲೇಮ್ ಜೊತೆ ಕೊಟ್ಟಿರೋ ಡಾಕ್ಟರ್ ಪತ್ರ ನಕಲಿ ಮೇಡಮ್."

ವಿಷಯ ಇಷ್ಟು. ಶ್ರೀನಾಥನ ಹೆಂಡತಿ ರಶ್ಮಿತಾಳ ಎಡಗಣ್ಣಿನ ಹಿಂದೆ ಗಡ್ಡೆ ಬೆಳೆದಿತ್ತು. ಆಗಸ್ಟಿನಲ್ಲಿ ಸಿಂಗಪುರಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದ್ದರು. ವಿದೇಶದ ಚಿಕಿತ್ಸೆಗೂ ಅನ್ವಯಿಸುವ ಪಾಲಿಸಿಯೇ ಅದು, ಆದರೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ತೋರಿಸಿ ವಾಪಸು ಪಡೆಯಬೇಕು. ಇಪ್ಪತ್ತಾರು ಲಕ್ಷದ ಬಿಲ್ಲುಗಳ ಜೊತೆಗೆ ಒಂದು ಪತ್ರ ಕಡ್ಡಾಯ. ರೋಗಿಯನ್ನು ಇಲ್ಲಿ ನೋಡಿದ ವೈದ್ಯರು, ಹೊರದೇಶಕ್ಕೆ ಹೋಗುವುದೇ ಸರಿ ಎಂದು ವಿಮಾನ ಹತ್ತುವ ಮೊದಲೇ ಬರೆದುಕೊಟ್ಟ ಪತ್ರ.

"ಅನುಮಾನ ಹೇಗೆ ಬಂತು?"

ಮೇಘಾ ಸ್ವಲ್ಪ ನಾಚಿಕೊಂಡಳು. "ಅಕ್ಷರ ಓದಕ್ಕಾಗ್ತಿತ್ತು ಮೇಡಮ್. ಆರು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಡಾಕ್ಟರು ಬರೆದಿದ್ದನ್ನ ಒಂದೇ ಸಲಕ್ಕೆ ಓದಿದ್ದು ಇದೇ ಮೊದಲು."

ಆ ಪತ್ರವನ್ನು ಆಕೆ ಹಾಸನದ ನೇತ್ರತಜ್ಞ ಡಾ. ಸುನಿಲ್‌ಕುಮಾರ್ ಅವರಿಗೇ ಕಳಿಸಿದ್ದಳು. 'ಇದು ನನ್ನ ಸಹಿ ಅಲ್ಲ' ಎಂದು ಉತ್ತರ ಬಂದಿತ್ತು. ಹನ್ನೊಂದು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು: ನಕಲಿ ದಾಖಲೆ ಸೃಷ್ಟಿ, ಅದನ್ನು ಅಸಲಿಯೆಂದು ಬಳಸಿದ್ದು, ವಂಚನೆಯ ಯತ್ನ. ಒಂದನೇ ಆರೋಪಿ, ಶ್ರೀನಾಥ್.

ಮರುದಿನ ಬೆಳಿಗ್ಗೆ ನಯನಾ, ಜವರಯ್ಯ ಹಾಸನಕ್ಕೆ ಹೋದರು. ಡಾಕ್ಟರು ಇಬ್ಬರು ರೋಗಿಗಳ ನಡುವೆ ಐದು ನಿಮಿಷ ಬಿಡುವು ಮಾಡಿಕೊಂಡರು.

"ಪತ್ರ ನೀವು ಕೊಟ್ಟೇ ಇಲ್ವಾ?"

"ಕೊಟ್ಟಿದ್ದೀನಲ್ಲ. ಜುಲೈ ಇಪ್ಪತ್ತೆಂಟಕ್ಕೆ. ಪ್ಯಾಡ್ ಮುಗಿದಿತ್ತು, ಬಿಳಿ ಹಾಳೆ ಮೇಲೆ ಬರೆದು ಸೀಲ್ ಹೊಡೆದೆ. ಆದ್ರೆ ಅದು ಇದಲ್ಲ."

"ವ್ಯತ್ಯಾಸ ಏನು?"

"ನನ್ನ ನೋಂದಣಿ ಸಂಖ್ಯೆ ಕೊನೇಲಿ ನಲವತ್ತೇಳು. ಇಲ್ಲಿ ಸೀಲಲ್ಲಿ ಎಪ್ಪತ್ನಾಲ್ಕು ಅಂತಿದೆ." ಡಾಕ್ಟರು ಪತ್ರವನ್ನು ಇನ್ನೊಮ್ಮೆ ಓದಿದರು. "ಒಕ್ಕಣೆ ಮಾತ್ರ ನನ್ನದೇ. ಹೆಚ್ಚುಕಮ್ಮಿ ನಾನು ಬರೆದ ಹಾಗೇ ಇದೆ. ನಾನು ಒಂದು ಸ್ಪೆಲ್ಲಿಂಗ್ ತಪ್ಪು ಮಾಡಿದ್ದೆ ಅನ್ಸುತ್ತೆ, ಅದನ್ನೂ ತಿದ್ದಿದ್ದಾರೆ."

ಜೀಪಿನಲ್ಲಿ ನಯನಾ ಅದನ್ನೇ ಯೋಚಿಸುತ್ತಿದ್ದರು. ಅಸಲಿ ಪತ್ರ ಇದ್ದವನು ನಕಲಿ ಯಾಕೆ ಮಾಡಿಸುತ್ತಾನೆ?

ಅದೇ ಪ್ರಶ್ನೆಯನ್ನು ಸಂಜೆ ನಾಲ್ಕಕ್ಕೆ ತನ್ನ ಮನೆಯಲ್ಲಿ ಶ್ರೀನಾಥನೇ ಕೂಗಿ ಕೇಳಿದ. ಎಫ್‌ಐಆರ್ ಸುದ್ದಿ ತಿಳಿದ ಕ್ಯೂರಿಂಗ್ ವರ್ಕ್ಸಿನ ಮಾಲೀಕರು ಸದ್ಯಕ್ಕೆ ಕೆಲಸಕ್ಕೆ ಬರಬೇಡ ಅಂದಿದ್ದರಂತೆ. ಅವನ ಮುಖ ಸುಟ್ಟ ಹಾಗಿತ್ತು.

"ನಾನ್ಯಾಕ್ರೀ ನಕಲಿ ಮಾಡ್ಲಿ? ನಿಜವಾದ್ದೇ ನನ್ ಹತ್ರ ಇತ್ತು!"

"ಇತ್ತು ಅಂದ್ರೆ? ಈಗೆಲ್ಲಿದೆ?"

"ಕೊಟ್ಟೆ. ಬಿಲ್ಲು, ರಿಪೋರ್ಟು ಎಲ್ಲಾ ಒಂದೇ ಕವರಲ್ಲಿ ಹಾಕಿ ಪೋಸ್ಟ್ ಮೇಷ್ಟ್ರ ಕೈಗೆ ಕೊಟ್ಟೆ, ಪತ್ರ ನನ್ ಹೆಂಡ್ತಿನೇ ಕೊಟ್ಲು. ಅವರು ಜೋಡಿಸಿಕೊಟ್ರು, ನಾನು ಕಣ್ಮುಚ್ಚಿ ಸಹಿ ಹಾಕಿ ಕಂಪನಿಗೆ ಕೊಟ್ಟೆ."

ಹೇಳಿಕೆ ಬರೆದುಕೊಳ್ಳುತ್ತಿದ್ದ ಜವರಯ್ಯನ ಪೆನ್ನು ನಿಂತಿತು.

ಒಳಗಿನಿಂದ ರಶ್ಮಿತಾ ಬಂದಳು. ಮನೆಯೊಳಗೂ ಕಪ್ಪು ಕನ್ನಡಕ. ವಿವಾದದ ಪತ್ರ ನೋಡಬೇಕೆಂದಳು. ನಯನಾ ಪ್ಲಾಸ್ಟಿಕ್ ಕವರಿನಲ್ಲೇ ತೋರಿಸಿದರು. ಆಕೆ ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ಬೆಳಕಿಗೆ ಓರೆ ಮಾಡಿದಳು.

"ಇದಲ್ಲ ಕಣ್ರೀ. ಅದನ್ನ ನಾಕು ಮಡಿಕೆ ಮಾಡಿ ಪರ್ಸಲ್ಲಿ ಇಟ್ಕೊಂಡಿದ್ದೆ. ಏರ್‌ಪೋರ್ಟಲ್ಲಿ, ಆ ಆಸ್ಪತ್ರೇಲಿ, ಹೆದ್ರಿಕೆ ಆದಾಗೆಲ್ಲ ತೆಗೆದು ಮುಟ್ಟಿ ನೋಡ್ಕೊಂತಿದ್ದೆ. ಮಡಿಕೆ ಹತ್ರ ಹರಿಯೋ ಹಂಗಾಗಿತ್ತು. ಇದಕ್ಕೆ ಒಂದು ಗೆರೆನೂ ಬಿದ್ದಿಲ್ಲ ನೋಡಿ."

ನಯನಾ ನೋಡಿದರು. ಕಾಗದ ಇಸ್ತ್ರಿ ಮಾಡಿದ ಹಾಗಿತ್ತು.

"ಜನವರಿಲಿ ಮತ್ತೆ ಚೆಕಪ್ಪಿಗೆ ಹೋಗ್ಬೇಕು," ಎಂದಳು ರಶ್ಮಿತಾ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. "ಈ ದುಡ್ಡು ಬರದೆ ಹೋದ್ರೆ ಹೋಗಕ್ಕಾಗಲ್ಲ."

ಜೀಪು ಠಾಣೆಯ ಕಡೆ ಹೊರಟಿತು.

"ಯಾರು ಈ ಪೋಸ್ಟ್ ಮೇಷ್ಟ್ರು?" ಎಂದರು ನಯನಾ. ಅವರು ಈ ಊರಿಗೆ ಬಂದು ಎಂಟು ತಿಂಗಳಷ್ಟೆ.

"ಏಕಾಂತಯ್ಯ ಅಂತ ಮೇಡಮ್. ಆಲೂರು ಕಡೆ ಪಾಳ್ಯದೋರು. ಪೋಸ್ಟ್ ಮಾಸ್ಟರ್ ಆಗಿ ರಿಟೈರ್ ಆಗಿ ಹನ್ನೊಂದು ವರ್ಷ ಆಯ್ತು. ದಿನಾ ಬಸ್ಸಲ್ಲಿ ಬಂದು ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಜಗುಲಿ ಮೇಲೆ ಕೂತ್ಕೊಂತಾರೆ. ಪಿಂಚಣಿ, ವಿಮೆ, ತೆರಿಗೆ, ಯಾರಿಗೆ ಏನು ಬರ್ಬೇಕೋ ಬರ್ಸಿಕೊಡ್ತಾರೆ."

"ಎಷ್ಟು ತಗೋತಾರೆ?"

"ಏನೂ ಇಲ್ಲ. ನಮ್ಮ ಚಿನ್ನಮ್ಮನ ಮಂಡಿ ಆಪರೇಷನ್ ಬಿಲ್ಲು ಎರಡು ಸಲ ವಾಪಸು ಬಂದಿತ್ತು. ಮೂರನೇ ಸಲ ಅವರು ಬರೆದ್ರು, ಪಾಸಾಗ್ಬುಡ್ತು. ಏನಾದ್ರೂ ಕೊಡ್ತೀನಿ ಅಂದ್ರೆ ಒಂದು ಚಿಪ್ಪು ಬಾಳೆಹಣ್ಣು ತಗೊಂಡು, ಅದರಲ್ಲೂ ಅರ್ಧ ಬಸ್ ಕಂಡಕ್ಟರಿಗೆ ಕೊಟ್ರು." ಜವರಯ್ಯ ಕಿಟಕಿಯಾಚೆ ನೋಡಿದ. "ಸರ್ವಿಸಲ್ಲಿದ್ದಾಗ ಒಂದು ಮನಿಯಾರ್ಡರ್ ತಪ್ಪಿಸಿದೋರಲ್ಲ ಮೇಡಮ್. ಅವರ ಕೈಗೆ ಕಾಗದ ಕೊಟ್ರೆ ಬೀರುಲಿಟ್ಟಂಗೆ ಅಂತಾರೆ ಜನ."

"ಈ ಕೇಸಿಂದ ನಿಮ್ಮನ್ನ ಬಿಡ್ಲಾ?"

"ಬೇಡಿ. ಬೇರೆ ಯಾರಾದ್ರೂ ಹೋದ್ರೆ ಅವರ ಕಟ್ಟುಗಳನ್ನೆಲ್ಲ ಕೆದರಿ ಬಿಸಾಕ್ತಾರೆ."

ಹತ್ತೊಂಬತ್ತನೇ ತಾರೀಕು ಬುಧವಾರ ಜವರಯ್ಯ ಒಬ್ಬನೇ ಸೀಲು ಮಾಡುವ ಅಂಗಡಿಗಳಿಗೆ ಹೋದ. ಪೇಟೆಯಲ್ಲಿ ಇರುವುದೇ ಎರಡು. ಮೊದಲನೆಯವನು ಪುಸ್ತಕ ತೋರಿಸಿ ಕೈ ಝಾಡಿಸಿದ. ಎರಡನೆಯದು ಭೂತಯ್ಯನ ಅಂಗಡಿ. ಸೀಲಿನ ಗುರುತಿನ ಜೆರಾಕ್ಸ್ ನೋಡಿದೊಡನೆ ಭೂತಯ್ಯ ಅಂದ:

"ನಾನೇ ಮಾಡಿದ್ದು. ಯಾಕೆ, ಅಕ್ಷರ ಸರಿಯಾಗಿ ಬಿದ್ದಿಲ್ವಾ?"

"ಯಾರು ಮಾಡ್ಸಿದ್ದು?"

"ಮೇಷ್ಟ್ರು. ಡಾಕ್ಟ್ರ ಸೀಲು ಸವೆದೋಗೈತಂತೆ, ಹೊಸದು ಬೇಕಂತೆ ಅಂದ್ರು."

"ಡಾಕ್ಟ್ರು ಹಾಸನದಲ್ಲಿ, ಸೀಲು ಸಕಲೇಶಪುರದಲ್ಲಿ. ಕೇಳ್ಲಿಲ್ವಾ ನೀನು?"

ಭೂತಯ್ಯ ಅವನನ್ನೇ ನೋಡಿದ. "ಮೇಷ್ಟ್ರನ್ನ ಏನಂತ ಕೇಳದು ಮಾರಾಯ? ನೀನಾದ್ರೆ ಕೇಳ್ತಿದ್ಯಾ?"

ಬಿಲ್ ಪುಸ್ತಕದಲ್ಲಿ ಸೆಪ್ಟೆಂಬರ್ ಹದಿನೆಂಟರ ಕೆಳಗೆ ಹೆಸರಿತ್ತು. ಮರೆಮಾಚುವ ಯೋಚನೆಯೇ ಇಲ್ಲದವರ ಹಾಗೆ, ಪೂರ್ತಿ ಇನಿಷಿಯಲ್ ಸಮೇತ. ಜವರಯ್ಯ ಪುಸ್ತಕ ವಶಕ್ಕೆ ಪಡೆದು ರಸೀದಿ ಬರೆದುಕೊಟ್ಟ. ಕೈ ಬರೆದದ್ದು ಮನಸ್ಸಿಗೆ ತಲುಪಲಿಲ್ಲ.

ಇಪ್ಪತ್ತನೇ ತಾರೀಕು ಗುರುವಾರ, ಆಲೂರು ಠಾಣೆಗೆ ತಿಳಿಸಿ, ಒಂಬತ್ತೂವರೆಗೆ ಪಾಳ್ಯ ತಲುಪಿದರು. ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ. ಅದನ್ನು ನಡೆಸುವವರು ಏಕಾಂತಯ್ಯನವರ ಹೆಂಡತಿ ಬಸಮ್ಮ. ರಾಗಿ ಬೀಸಿಸಲು ಬಂದ ಏಳೆಂಟು ಜನ ಜೀಪು ಕಂಡು ಸುಮ್ಮನಾದರು. ಬಸಮ್ಮ ಮೋಟರ್ ಆರಿಸಿ, ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡೇ ಹೊರಬಂದರು.

ಏಕಾಂತಯ್ಯ ಅಂದು ಪೇಟೆಗೆ ಹೋಗದೆ ಪಡಸಾಲೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಹಣೆಯ ತುಂಬ ವಿಭೂತಿ.

"ಬಾ ಜವರಯ್ಯ. ಚಿನ್ನಮ್ಮನ ಮಂಡಿ ಹೆಂಗೈತೆ? ಮೆಟ್ಲು ಹತ್ತುತಾಳಾ?"

"ಹತ್ತುತಾಳೆ ಮೇಷ್ಟ್ರೆ," ಎಂದ ಜವರಯ್ಯ.

"ಕಾಫಿ ಕುಡೀತೀರಾ ಮೇಡಮ್?"

"ಬೇಡ ಸರ್. ಮನೆ ಶೋಧನೆ ಮಾಡ್ಬೇಕು."

ರಾಗಿ ಬೀಸಿಸಲು ಬಂದಿದ್ದ ಪಾರ್ವತಮ್ಮ, ಎದುರು ಅಂಗಡಿಯ ಶಿವಯ್ಯ ಪಂಚರಾಗಿ ಬಂದು ನಿಂತರು. ಈಗಿನ ಕಾನೂನಿನಂತೆ ಶೋಧನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಆ ಕೆಲಸ ಜವರಯ್ಯನಿಗೆ ಬಿತ್ತು. ಅವನಿಗೆ ಅದೇ ಒಳ್ಳೆಯದೆನಿಸಿತು. ಮೇಷ್ಟ್ರ ಮುಖ ನೋಡುವುದಕ್ಕಿಂತ ಪರದೆ ನೋಡುವುದು ಸುಲಭ.

ಒಳಕೋಣೆಯ ಮರದ ಬೀರು ತುಂಬ ಕಟ್ಟುಗಳು. ಒಂದೊಂದಕ್ಕೂ ಕೆಂಪು ದಾರ, ಒಂದೊಂದರ ಮೇಲೂ ದುಂಡಗೆ ಬರೆದ ಹೆಸರು. ಬಾಗಿಲು ಪೂರ್ತಿ ತೆರೆದಾಗ ಅದರ ಒಳಮೈಯಲ್ಲಿ ಅಂಟಿಸಿದ ಚೀಟಿಗಳು ಕಂಡವು. 'ಬಸ್ಸು 8.20, ಸಕಲೇಶಪುರದ್ದೇ ಹತ್ತಬೇಕು.' 'ಮಾತ್ರೆ ತಿಂದಾಗಿದ್ದರೆ ಇಲ್ಲಿ ಗೀಟು.' ಎಲ್ಲಕ್ಕಿಂತ ಕೆಳಗೆ, ಹೊಸ ಶಾಯಿಯಲ್ಲಿ: 'ಜವರಯ್ಯ, ಪೊಲೀಸ್. ಹೆಂಡತಿ ಚಿನ್ನಮ್ಮ. ಮಂಡಿ.'

ಜವರಯ್ಯ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದ.

"ಯಾವಾಗಿಂದ ಇದು?" ನಯನಾ ಮೆಲ್ಲಗೆ ಬಸಮ್ಮನನ್ನು ಕೇಳಿದರು.

"ನನಗೇನು ಗೊತ್ತು ತಾಯಿ! ಈ ಬೀರು ನನ್ನ ಕೈಲಿ ಮುಟ್ಟಿಸ್ತಿರಲಿಲ್ಲ." ಬಸಮ್ಮ ಚೀಟಿಗಳನ್ನು ಒಂದೊಂದಾಗಿ ಓದುತ್ತ ಹೋದರು. "ಒಂದೇ ಮಾತು ಎರಡು ಸಲ ಕೇಳೋರು. ಗಿರಣಿ ಸದ್ದಿಗೆ ಕೇಳಿಸಿಲ್ಲವೇನೋ ಅಂತ ನಾನೂ ಎರಡು ಸಲ ಹೇಳೋಳು."

ಪಡಸಾಲೆಯಿಂದ ದನಿ ಬಂತು: "ಮೇಡಮ್‌ಗೆ ಕಾಫಿ ಕೊಟ್ಯೇನೇ?"

ಶ್ರೀನಾಥನ ಹೆಸರಿನ ಕಟ್ಟು ಮೂರನೇ ಅರೆಯಲ್ಲಿ ಸಿಕ್ಕಿತು. ಮೇಲೆ 'ವಿಮೆ' ಎಂದು ಬರೆದಿತ್ತು. ಒಳಗೆ ಬಿಲ್ಲುಗಳ ನಕಲು ಮಾತ್ರ. ನಯನಾ ಅದನ್ನು ಪಕ್ಕಕ್ಕಿಟ್ಟು ಮತ್ತೆ ಹುಡುಕಿದರು. ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ, ಹಿಂದಕ್ಕೆ, ಇನ್ನೊಂದು ತೆಳ್ಳನೆಯ ಕಟ್ಟು. 'ಶ್ರೀನಾಥ್. ಆದಾಯ ತೆರಿಗೆ. ಬರುವ ಜುಲೈಗೆ.'

"ಇದೇನು ಸರ್?"

ಏಕಾಂತಯ್ಯ ಬಾಗಿಲ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು. ಕೆಲಸದ ಮಾತು ಬಂದದ್ದೇ ದನಿ ಗಟ್ಟಿಯಾಯಿತು. "ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕಿನೋರು ಒಂದಿಷ್ಟು ತೆರಿಗೆ ಹಿಡಿದಿಟ್ಕೊಂತಾರೆ ಮೇಡಮ್. ಮುಂದಿನ ಜುಲೈಲಿ ರಿಟರ್ನ್ ಹಾಕಿದ್ರೆ ಅದು ವಾಪಸು ಬರುತ್ತೆ, ಬಾಳ ಜನಕ್ಕೆ ಗೊತ್ತಿಲ್ಲ. ಕಂಪನಿ ಕೊಡದೆ ಉಳಿಸಿದ ಖರ್ಚಿಗೂ ರಿಯಾಯಿತಿ ಕೇಳಬಹುದು. ಅದಕ್ಕೆ ಡಾಕ್ಟ್ರ ಪತ್ರ ಜೊತೆಗಿದ್ರೆ ಒಳ್ಳೇದು ಅಂತ..." ಮಾತು ಅಲ್ಲಿಗೆ ನಿಂತಿತು. "ಈ ಕಟ್ಟು ನಾನು ಯಾವಾಗ ಕಟ್ಟಿದೆ?"

ನಯನಾ ದಾರ ಬಿಚ್ಚಿದರು. ಬ್ಯಾಂಕಿನ ಎರಡು ಚೀಟಿ. ಅವುಗಳ ನಡುವೆ ನಾಲ್ಕು ಮಡಿಕೆಯ ಒಂದು ಬಿಳಿ ಹಾಳೆ, ಅಂಚು ಸವೆದದ್ದು. ಬಿಡಿಸಿದರೆ ಒಂದಕ್ಷರವೂ ಓದಲಾಗದ ಬರಹ, ಕೆಳಗೆ ಸೀಲು, ಕೊನೆಯಲ್ಲಿ ನಲವತ್ತೇಳು.

"ಇಲ್ಲೇ ಇತ್ತಾ?" ಎಂದರು ಏಕಾಂತಯ್ಯ.

"ಇಲ್ಲೇ ಐತೆ ಮೇಷ್ಟ್ರೆ," ಎಂದ ಜವರಯ್ಯ. ಚಿತ್ರೀಕರಣದಲ್ಲಿ ತನ್ನ ದನಿ ಬರಬಾರದೆಂಬುದನ್ನು ಮರೆತಿದ್ದ.

ಏಕಾಂತಯ್ಯ ಹೊಸ್ತಿಲ ಮೇಲೇ ಕೂತರು. ಬಸಮ್ಮ ನೀರು ತಂದುಕೊಟ್ಟರು. ಹತ್ತು ನಿಮಿಷ ಬಿಟ್ಟು ನಯನಾ ಅವರೆದುರು ಒಂದು ಮಣೆ ಎಳೆದುಕೊಂಡು ಕೂತರು.

"ನಡೆದದ್ದು ಹೇಳಿ ಸರ್."

"ಸೆಪ್ಟೆಂಬರ್ ಹದಿನಾರು. ಕಂಪನಿಗೆ ಕಾಗದ ಕೊಡಕ್ಕೆ ಇನ್ನು ನಾಕೇ ದಿನ ಇತ್ತು. ಜೋಡಿಸೋಣ ಅಂತ ಕೂತ್ರೆ ಪತ್ರ ಇಲ್ಲ. ಎಲ್ಲಾ ಹುಡುಕಿದೆ. ಆ ಹೆಣ್ಣುಮಗಳು ಅದನ್ನ ಕೊಡುವಾಗ ದೇವರ ಪ್ರಸಾದ ಕೊಟ್ಟಂಗೆ ಕೊಟ್ಟಿದ್ಲು. ಅದು ಮಾತ್ರ ನೆನಪಿತ್ತು. ಆಮೇಲೆ ಎಲ್ಲಿಟ್ಟೆ ಅನ್ನೋದು ಇಲ್ಲ."

"ಹಾಗಾದ್ರೆ ಒಕ್ಕಣೆ?"

"ಓದಿದ್ದೆನಲ್ಲ. ಪೋಸ್ಟಾಫೀಸಲ್ಲಿ ಎಂಥೆಂಥಾ ಅಕ್ಷರ ಓದಿದ ಕಣ್ಣು ಇದು. ಓದಿದ್ದು ಉಳಿಯುತ್ತೆ ಮೇಡಮ್. ಇಟ್ಟಿದ್ದು ಉಳಿಯಲ್ಲ."

"ಡಾಕ್ಟ್ರಿಗೆ ಒಂದು ಫೋನ್ ಮಾಡಿದ್ರೆ ಇನ್ನೊಂದು ಪತ್ರ ಕೊಡ್ತಿದ್ರಲ್ಲ?"

"ಕೊಡ್ತಿದ್ರು."

"ಮತ್ತೆ?"

ಏಕಾಂತಯ್ಯ ತಲೆ ಎತ್ತಲಿಲ್ಲ. "ಕಳೆದೋಯ್ತು ಅಂತ ಹೇಳ್ಬೇಕಾಗಿತ್ತಲ್ಲಮ್ಮ."

ಹೊರಗೆ ಗಿರಣಿಯ ಮುಂದೆ ನಿಂತವರು ಯಾರೂ ಅಲುಗಾಡಲಿಲ್ಲ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧ, ಎಪ್ಪತ್ತೊಂದು ವಯಸ್ಸು. ದಸ್ತಗಿರಿ ಮಾಡದೆ ನೋಟಿಸ್ ಕೊಟ್ಟು ಬರಬಹುದೆಂದು ನಯನಾ ದಾರಿಯಲ್ಲೇ ಲೆಕ್ಕ ಹಾಕಿದ್ದರು. ಜವರಯ್ಯನೂ ಅದೇ ಆಸೆಯಲ್ಲಿದ್ದ.

"ಸೀಲು ಎಲ್ಲಿ?"

"ಹಂಡೆ ಒಲೆಗೆ ಹಾಕ್ಬುಟ್ಟೆ."

"ಯಾವಾಗ?"

"ನಿನ್ನೆ. ಜವರಯ್ಯ ಬಂದಿದ್ದ ಅಂತ ಭೂತಯ್ಯ ಫೋನ್ ಮಾಡಿದ. ಹೆದರಿಕೆ ಆಯ್ತು."

ನಯನಾ ಕಣ್ಣು ಮುಚ್ಚಿ ತೆರೆದರು. ತನಿಖೆ ನಡೆಯುತ್ತಿರುವಾಗ ಸಾಕ್ಷ್ಯ ಸುಟ್ಟವರಿಗೆ ನೋಟಿಸ್ ಕೊಟ್ಟು ಬಂದರೆ ನಾಳೆ ನ್ಯಾಯಾಲಯ ತಮ್ಮನ್ನೇ ಕೇಳುತ್ತದೆ. ಬಚ್ಚಲೊಲೆಯ ಬೂದಿಯಲ್ಲಿ ಕರಗಿದ ರಬ್ಬರಿನ ಗಂಟು, ಅರ್ಧ ಸುಟ್ಟ ಮರದ ಹಿಡಿ ಸಿಕ್ಕಿದವು. ಪತ್ರ, ಎರಡು ಕಟ್ಟು, ಹಿಡಿ, ಎಲ್ಲ ಪಂಚನಾಮೆಯಲ್ಲಿ ಸೇರಿದವು. ಪಂಚರು ಸಹಿ ಹಾಕಿದರು. ಪಾರ್ವತಮ್ಮ ಸಹಿ ಹಾಕುವಾಗ "ನನ್ನ ವಿಧವಾ ವೇತನ ಮಾಡ್ಸಿಕೊಟ್ಟಿದ್ದೇ ಇವರು" ಎಂದು ಪಿಎಸ್‌ಐಗೆ ಕೇಳುವ ಹಾಗೆ ಹೇಳಿದರು.

ಹನ್ನೆರಡು ಹದಿನೈದಕ್ಕೆ ದಸ್ತಗಿರಿ. ಕಾರಣ ಬರೆದ ಹಾಳೆಯನ್ನು ನಯನಾ ಬಸಮ್ಮನ ಕೈಗೆ ಕೊಟ್ಟರು.

"ನಾನೂ ಬರ್ತೀನಿ," ಎಂದರು ಬಸಮ್ಮ. ಗಿರಣಿಗೆ ಬೀಗ ಹಾಕಿ, ಮುಖ ತೊಳೆದು, ಗಂಡನ ಕೋಟಿನ ಜೇಬಿಗೆ ಮಾತ್ರೆ ಹಾಕಿ ಜೀಪಿನ ಹಿಂದೆ ಹತ್ತಿ ಕೂತರು. ಮಗ್ಗುಲಲ್ಲಿ ಕೂತ ಗಂಡನನ್ನು ಗದರಿದರು: "ನನಗಾದ್ರೂ ಹೇಳಬಾರ್ದಾಗಿತ್ತಾ?"

"ನಿನಗೆ ಹೇಳಿದ್ರೆ ನಿಜ ಆಗ್ಬುಡ್ತಿತ್ತು," ಎಂದರು ಅವರು.

ಜವರಯ್ಯ ಮುಂದಿನ ಸೀಟಿನಲ್ಲಿ ನೇರ ರಸ್ತೆಯನ್ನೇ ನೋಡುತ್ತ ಕೂತ.

ವೈದ್ಯಕೀಯ ತಪಾಸಣೆಗೆ ಕಳಿಸುವ ಕೋರಿಕೆಯಲ್ಲಿ ನಯನಾ ಒಂದು ಸಾಲು ಹೆಚ್ಚಿಗೆ ಬರೆದರು: 'ಮರೆವಿನ ಬಗ್ಗೆಯೂ ಪರೀಕ್ಷಿಸಿ ಅಭಿಪ್ರಾಯ ನೀಡಬೇಕಾಗಿ ವಿನಂತಿ.' ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮೂರು ವಸ್ತುಗಳ ಹೆಸರು ಹೇಳಿ ಐದು ನಿಮಿಷ ಬಿಟ್ಟು ಕೇಳಿದರು. ಏಕಾಂತಯ್ಯ ಒಂದನ್ನು ಹೇಳಿದರು. ಮೂರೂವರೆಗೆ ಸಕಲೇಶಪುರದ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದಾಗ ಆ ವರದಿಯೂ ಜೊತೆಗಿತ್ತು. ವಯಸ್ಸು, ಅನಾರೋಗ್ಯ ನೋಡಿ ಜಾಮೀನು ಮಂಜೂರಾಯಿತು. ಆದರೆ ಒಬ್ಬರು ಶ್ಯೂರಿಟಿ ಬೇಕು, ಸ್ವಂತ ಜಮೀನಿನ ಪಹಣಿ ಸಮೇತ.

ಮೇಷ್ಟ್ರ ದಸ್ತಗಿರಿಯ ಸುದ್ದಿ ಪೇಟೆಯಲ್ಲಿ ಆಗಲೇ ಹರಡಿತ್ತು. ಬಸಮ್ಮ ಊರಿಗೆ ಫೋನ್ ಮಾಡುತ್ತಿರುವಾಗಲೇ ಶ್ರೀನಾಥನ ಸ್ಕೂಟರು ನ್ಯಾಯಾಲಯದ ಆವರಣಕ್ಕೆ ಬಂತು. ಹಿಂದೆ ಕಪ್ಪು ಕನ್ನಡಕದ ರಶ್ಮಿತಾ. ಅವಳ ಕೈಯಲ್ಲಿ ಪಹಣಿಯ ಪ್ರತಿ.

"ನನ್ ಹೆಸರು ಎಫ್‌ಐಆರಲ್ಲಿ ಸೇರಿಸಿದೋರಿಗೆ ನಾನೇ ಜಾಮೀನಾ?" ಶ್ರೀನಾಥ್ ಎಲ್ಲರಿಗೂ ಕೇಳುವ ಹಾಗೆ ಅಂದ. "ಮೂರು ದಿನ ಆಯ್ತು ನಿದ್ದೆ ಇಲ್ದೆ. ಜನ ಕಳ್ಳನ್ನ ನೋಡಿದಂಗೆ ನೋಡ್ತಾರೆ."

ಏಕಾಂತಯ್ಯ ಎದ್ದು ನಿಂತು ಕೈಮುಗಿದರು. "ತಪ್ಪಾಯ್ತಪ್ಪ. ಬೇಡ, ನೀನು ಹಾಕ್ಬೇಡ."

ರಶ್ಮಿತಾ ಗಂಡನ ಜೇಬಿನಿಂದ ಪೆನ್ನು ತೆಗೆದು ಅವನ ಕೈಗಿಟ್ಟಳು. "ರೀ, ನಾನು ಆಸ್ಪತ್ರೇಲಿದ್ದಾಗ ದಿನಾ ಫೋನ್ ಮಾಡಿ, ಯಾವ ಬಿಲ್ಲನ್ನೂ ಸೀಲಿಲ್ದೆ ತರ್ಬೇಡ ಮಗಳೇ ಅಂತಿದ್ರು. ನನ್ನ ತಲೆ ಓಡ್ತಿರಲಿಲ್ಲ, ಅವರದ್ದು ಓಡ್ತಿತ್ತು. ಈಗ ಅವರದ್ದು ಓಡಲ್ಲ. ಹಾಕಿ ಸಹಿ."

ಶ್ರೀನಾಥ್ ಗೊಣಗಿದ. ಆಮೇಲೆ ಬಾಗಿ, ಬೆಂಚಿನ ಮೇಲೆ ಕಾಗದ ಇಟ್ಟು, ಒತ್ತಿ ಸಹಿ ಹಾಕಿದ.

ಮುಂದಿನದು ಕಚೇರಿ ಕೆಲಸ. ಡಾ. ಸುನಿಲ್‌ಕುಮಾರ್ ಅಸಲಿ ಪತ್ರವನ್ನು ತಮ್ಮದೆಂದು ಗುರುತಿಸಿದರು. ನ್ಯಾಯಾಲಯದ ಅನುಮತಿ ಪಡೆದು ಅದರ ದೃಢೀಕೃತ ಪ್ರತಿಯನ್ನು ಕಂಪನಿಗೆ ಕಳಿಸಲಾಯಿತು. ಪಾಲಿಸಿದಾರನಿಗೆ ನಕಲಿಯ ವಿಷಯ ಗೊತ್ತಿರಲಿಲ್ಲ, ಚಿಕಿತ್ಸೆ ನಿಜ, ಬಿಲ್ಲುಗಳು ನಿಜ ಎಂದು ಮೇಘಾ ಎರಡು ಪುಟದ ಟಿಪ್ಪಣಿ ಬರೆದಳು. ಅದಕ್ಕೂ ಪಿನ್ ಹೊಡೆದಿದ್ದಳು. ಡಿಸೆಂಬರ್ ಹನ್ನೊಂದಕ್ಕೆ ಕ್ಲೇಮ್ ಪಾಸಾಯಿತು. ಶ್ರೀನಾಥ್ ಕ್ಯೂರಿಂಗ್ ವರ್ಕ್ಸಿಗೆ ಮತ್ತೆ ಹೋಗತೊಡಗಿದ. ಬೀರುವಿನಲ್ಲಿದ್ದ ಉಳಿದವರ ಕಟ್ಟುಗಳನ್ನು ಬಸಮ್ಮ ಹೆಸರು ಓದಿ ಓದಿ ಒಬ್ಬೊಬ್ಬರನ್ನೇ ಕರೆಸಿ ಕೊಟ್ಟರು. ಕೆಲವರು ವಾಪಸು ತೆಗೆದುಕೊಂಡು ಹೋಗಲು ಒಪ್ಪಲಿಲ್ಲ. ನೀವಿಬ್ಬರೂ ಸೇರಿ ನೋಡಿ, ನಿಧಾನಕ್ಕಾದರೂ ಪರವಾಗಿಲ್ಲ ಅಂದರಂತೆ.

ಡಿಸೆಂಬರ್ ಇಪ್ಪತ್ತೆರಡು, ಸೋಮವಾರ, ಮಧ್ಯಾಹ್ನ ಮೂರು ಗಂಟೆ. ದೋಷಾರೋಪಣ ಪಟ್ಟಿ ಸಿದ್ಧವಾಗುತ್ತಿತ್ತು. ಒಂದನೇ ಆರೋಪಿಯ ಜಾಗದಲ್ಲಿ ಶ್ರೀನಾಥನ ಹೆಸರು ಹೋಗಿ ಏಕಾಂತಯ್ಯನವರ ಹೆಸರು ಬಂದಿತ್ತು. ನಯನಾ ಹೇಳುತ್ತಿದ್ದರು, ಜವರಯ್ಯ ಬರೆಯುತ್ತಿದ್ದ.

"ಕೃತ್ಯದ ಉದ್ದೇಶ ಏನಂತ ಬರೀಲಿ ಮೇಡಮ್?"

ನಯನಾ ಕುರ್ಚಿಗೆ ಒರಗಿ ಸ್ವಲ್ಪ ಯೋಚಿಸಿದರು. ಆಮೇಲೆ ಒಂದೊಂದೇ ಮಾತು ಹೇಳಿದರು: "ಆರೋಪಿಯು ಈ ಕೃತ್ಯದಿಂದ ಯಾವುದೇ ಹಣ ಪಡೆದಿರುವುದಿಲ್ಲ. ತನಗೆ ಮರೆವು ಬಂದಿರುವುದು ಜನರಿಗೆ ತಿಳಿದರೆ ಇನ್ನು ಯಾರೂ ತನ್ನ ಬಳಿಗೆ ಬರುವುದಿಲ್ಲವೆಂಬ ಭಯದಿಂದ ಸದರಿ ಕೃತ್ಯ ಎಸಗಿರುತ್ತಾನೆ."

ಜವರಯ್ಯ ಬರೆದ. ಕೊನೆಯ ಪದಕ್ಕೆ ಬಂದಾಗ ಪೆನ್ನು ಎತ್ತಿ, ಒಂದು ಗಳಿಗೆ ತಡೆದು, ಮುಗಿಸಿದ. ಹಾಳೆಯನ್ನು ಸಹಿಗೆ ಮುಂದಿಟ್ಟ.

ನಯನಾ ಓದಿದರು. 'ಎಸಗಿರುತ್ತಾರೆ' ಎಂದಿತ್ತು. ಮೂವತ್ತನಾಲ್ಕು ವರ್ಷ ಆರೋಪಿಗಳ ಬಗ್ಗೆ ಬರೆದ ಕೈಗೆ ಅದು ತಪ್ಪೆಂದು ಗೊತ್ತಿಲ್ಲದೆ ಇರಲು ಸಾಧ್ಯವಿರಲಿಲ್ಲ. ಅವರು ತಲೆಯೆತ್ತಿ ಜವರಯ್ಯನನ್ನು ನೋಡಿದರು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ನಯನಾ ಏನೂ ತಿದ್ದದೆ ಕೆಳಗೆ ಸಹಿ ಹಾಕಿದರು.